ಇನ್ನೂರು ಜನರಿಗೊಂದು ಸರ್ಕಾರ: ಉಟ್ಸಿರಾ ದ್ವೀಪದ ಕುರಿತು

ಒಂದು ಸಭೆಯಲ್ಲಿ ನಾರ್ವೆಯ ಉಟ್ಸಿರಾ ದ್ವೀಪದ ಬಗ್ಗೆ ನಾನು ಆಡಿದ ಮಾತನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಅದಕ್ಕೇ ಈ ಬರಹ. ಮಾತಾಡುವಾಗ ದಾರಿ ತಪ್ಪಿದ್ದನ್ನು ಪೂರ್ತಿ ತೆಗೆದಿಲ್ಲ, ಸ್ವಲ್ಪ ಒಪ್ಪ ಮಾಡಿದ್ದೇನೆ ಅಷ್ಟೆ.

ನಾರ್ವೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಎತ್ತರದ ಬೆಟ್ಟಗಳ ನಡುವೆ ನುಗ್ಗಿದ ಸಮುದ್ರ, ನಡುರಾತ್ರಿಯ ಸೂರ್ಯ, ಹಸಿರು ಬೆಳಕು ಕುಣಿಯೋ ಆಕಾಶ. ನಾನು ಹೇಳಲು ಹೊರಟಿರುವ ಉಟ್ಸಿರಾದಲ್ಲಿ ಇಂಥದ್ದನ್ನೆಲ್ಲ ಹುಡುಕಬೇಡಿ. ಅದು ನಾರ್ವೆಯ ನೈರುತ್ಯ ಮೂಲೆಯಲ್ಲಿ, ರೋಗಾಲಾಂಡ್ ಜಿಲ್ಲೆಗೆ ಸೇರಿದ ಒಂದು ಬೋಳು ದ್ವೀಪ. ಹೌಗೆಸುಂಡ್ ಅನ್ನೋ ಪಟ್ಟಣದಿಂದ ಪಶ್ಚಿಮಕ್ಕೆ ದೋಣಿ ಹತ್ತಿದರೆ ಸುಮಾರು ಒಂದು ಗಂಟೆ ಹತ್ತು ನಿಮಿಷ. ಅಗಲ ಉದ್ದ ಎಲ್ಲ ಸೇರಿಸಿದರೆ ಆರು ಚದರ ಕಿಲೋಮೀಟರ್ ಚಿಲ್ಲರೆ. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ದ್ವೀಪ ನೋಡಿ ಮುಗಿಸಬಹುದು.

ಇರೋ ಜನ ಹೆಚ್ಚು ಕಡಿಮೆ 200. ಒಂದು ವರ್ಷ ಸ್ವಲ್ಪ ಮೇಲೆ, ಇನ್ನೊಂದು ವರ್ಷ ಸ್ವಲ್ಪ ಕೆಳಗೆ. ಇಷ್ಟು ಜನರಿಗೆ ಒಂದು ಪೂರ್ಣ ಪ್ರಮಾಣದ ಸ್ಥಳೀಯ ಸರ್ಕಾರ ಇದೆ. ಅದಕ್ಕೆ ಅಲ್ಲಿ ಕೊಮ್ಯೂನೆ ಅನ್ನುತ್ತಾರೆ. ಜನಸಂಖ್ಯೆಯ ಲೆಕ್ಕದಲ್ಲಿ ಇಡೀ ನಾರ್ವೆಗೆ ಇದೇ ಅತಿ ಚಿಕ್ಕ ಕೊಮ್ಯೂನೆ. ನನಗೆ ಈ ದ್ವೀಪದ ಹುಚ್ಚು ಹಿಡಿದದ್ದೇ ಇದರಿಂದ. ಇನ್ನೂರು ಜನ ತಮ್ಮ ಊರನ್ನು ತಾವೇ ನಡೆಸೋದು ಹೇಗೆ? ನಡೆಸಲೇಬೇಕು ಅಂತ ಯಾಕೆ ಹಟ?

ಮೊದಲು ನೆಲ ನೋಡೋಣ. ನೆಲ ಅರ್ಥವಾಗದೆ ಅಲ್ಲಿನ ಜನ ಅರ್ಥವಾಗೋದಿಲ್ಲ.

ದ್ವೀಪದ ಎರಡು ಬದಿಗೂ ಕಲ್ಲು ಗುಡ್ಡ. ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುವ ತಗ್ಗು. ಮನೆ, ಹೊಲ, ಹುಲ್ಲುಗಾವಲು ಬಹುಪಾಲು ಈ ತಗ್ಗಿನಲ್ಲೇ ಇವೆ. ಗಾಳಿಯಿಂದ ಒಂದಿಷ್ಟು ಮರೆ ಸಿಗೋದು ಅಲ್ಲಿ ಮಾತ್ರ. ಹೊಲದ ಸುತ್ತ ಎಲ್ಲಿ ನೋಡಿದರೂ ಕಲ್ಲಿನ ಗೋಡೆ. ಗಾರೆ ಇಲ್ಲ, ಏನೂ ಇಲ್ಲ, ಕಲ್ಲಿನ ಮೇಲೆ ಕಲ್ಲು. ಭೂಮಿ ಹಸನು ಮಾಡುವಾಗ ಕಿತ್ತ ಕಲ್ಲನ್ನು ಎಲ್ಲಿಗೆ ಹಾಕೋದು, ಬೇಲಿಗೇ ಹಾಕಿದರು. ಗಡಿಯೂ ಆಯ್ತು, ಕುರಿ ಹೊರಗೆ ಹೋಗದ ಹಾಗೂ ಆಯ್ತು. ತಾನಾಗಿ ಬೆಳೆದ ಮರ ಕಾಣೋದೇ ಅಪರೂಪ. ಅಲ್ಲೊಂದು ಇಲ್ಲೊಂದು ಕಡೆ ಜನ ನೆಟ್ಟು ಬೆಳೆಸಿದ ತೋಪುಗಳಿವೆ. ಚಳಿ ಮಾತ್ರ ನಾವು ಅಂದುಕೊಂಡಷ್ಟಿಲ್ಲ. 59 ಡಿಗ್ರಿ ಉತ್ತರದಲ್ಲಿದ್ದರೂ ಸುತ್ತಲಿನ ಕಡಲ ನೀರು ಬೆಚ್ಚಗಿರೋದರಿಂದ ಹಿಮ ಬಿದ್ದರೂ ಜಾಸ್ತಿ ದಿನ ನಿಲ್ಲೋದಿಲ್ಲ. ಅಲ್ಲಿನವರನ್ನು ಗೋಳುಹೊಯ್ದುಕೊಳ್ಳೋದು ಗಾಳಿ.

ತಗ್ಗಿನ ಎರಡು ತುದಿಗೂ ಒಂದೊಂದು ಬಂದರು. ಉತ್ತರದ್ದು ನೂರ್ವಿಕ್, ದಕ್ಷಿಣದ್ದು ಸೊರ್ವಿಕ್. ಆರು ಚದರ ಕಿಲೋಮೀಟರ್ ದ್ವೀಪಕ್ಕೆ ಎರಡು ಬಂದರು ಯಾಕೆ ಅಂತ ಸಭೆಯಲ್ಲೇ ಒಬ್ಬರು ಕೇಳಿದರು. ಕಾರಣ ಸರಳ. ದಕ್ಷಿಣದಿಂದ ಗಾಳಿ ಬೀಸಿದರೆ ದಕ್ಷಿಣದ ಬಂದರಿನೊಳಕ್ಕೆ ಅಲೆ ನುಗ್ಗುತ್ತದೆ, ದೋಣಿ ಉತ್ತರಕ್ಕೆ ಹೋಗುತ್ತದೆ. ಉತ್ತರದ ಗಾಳಿ ಎದ್ದರೆ ದಕ್ಷಿಣಕ್ಕೆ. ಅಂದರೆ ಹೌಗೆಸುಂಡ್‌ನಿಂದ ದೋಣಿ ಹತ್ತಿದವನಿಗೆ ತಾನು ದ್ವೀಪದ ಯಾವ ತುದಿಯಲ್ಲಿ ಇಳಿಯುತ್ತೇನೆ ಅನ್ನೋದನ್ನು ಹೇಳುವುದು ವೇಳಾಪಟ್ಟಿಯಲ್ಲ, ಅವತ್ತಿನ ಗಾಳಿ. ಗಾಳಿ ಇನ್ನೂ ಜೋರಾದರೆ ದೋಣಿಯೇ ಇಲ್ಲ. ಅಂಗಡಿಗೆ ಬರಬೇಕಾದ ಹಾಲು, ಅಂಚೆ, ಹಲ್ಲು ನೋವು ಅಂತ ಪಟ್ಟಣಕ್ಕೆ ಹೊರಟವರು, ಎಲ್ಲರೂ ಕಾಯಬೇಕು. ಆಚೆ ದಡದ ಕಾರ್ಮೊಯ್ ಅನ್ನೋ ದೊಡ್ಡ ದ್ವೀಪಕ್ಕೂ ಉಟ್ಸಿರಾಕ್ಕೂ ನಡುವೆ ಇರೋ ಆ ಹದಿನೆಂಟು ಕಿಲೋಮೀಟರ್ ಕಡಲನ್ನು ದಯವಿಟ್ಟು ತಲೆಯಲ್ಲಿಟ್ಟುಕೊಳ್ಳಿ. ಮುಂದೆ ಹೇಳೋದೆಲ್ಲ ಅದರಿಂದಲೇ ಹುಟ್ಟಿದ್ದು.

ಹಿಂದೆ ಉಟ್ಸಿರಾ ಸ್ವತಂತ್ರ ಕೊಮ್ಯೂನೆ ಆಗಿರಲಿಲ್ಲ. ಕಾರ್ಮೊಯ್‌ನ ಉತ್ತರ ಭಾಗದಲ್ಲಿರುವ ತೊರ್‌ವಾಸ್ತಾದ್ ಜೊತೆ ಸೇರಿತ್ತು. ಆಡಳಿತ ಒಂದು ಕಡೆ, ಜನ ಸಮುದ್ರದಾಚೆ. 1924ರ ಜುಲೈ 1ರಂದು ಬೇರೆಯಾಯಿತು. ಆಗ ಅಲ್ಲಿ ಈಗಿನ ಎರಡರಷ್ಟಾದರೂ ಜನ ಇದ್ದರು. ಹೆರಿಂಗ್ ಮೀನಿನ ಕಾಲ ಅದು. ವಸಂತದಲ್ಲಿ ಮೊಟ್ಟೆ ಇಡಲು ಹೆರಿಂಗ್ ಹಿಂಡು ಹಿಂಡಾಗಿ ಕರಾವಳಿಗೆ ಬಂದಾಗ ದ್ವೀಪಕ್ಕೆ ದುಡ್ಡು ಬರುತ್ತಿತ್ತು, ಮೀನು ಬಾರದ ವರ್ಷ ಕಷ್ಟ. 1960ರ ದಶಕದ ಕೊನೆಗೆ ಆ ಮೀನಿನ ಸಂತತಿಯೇ ಕುಸಿದುಬಿತ್ತು, ವಿಪರೀತ ಹಿಡಿದಿದ್ದರಿಂದ. ನಾರ್ವೆಯ ಕರಾವಳಿಯಲ್ಲಿ ಎಷ್ಟೋ ಊರುಗಳು ಆಗ ಬಡವಾದವು.

ಬೇರೆಯಾದ ಮರುವರ್ಷವೇ, 1925ರಲ್ಲಿ, ಸ್ಥಳೀಯ ಚುನಾವಣೆ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೌನ್ಸಿಲ್‌ನಲ್ಲಿ ಹನ್ನೆರಡು ಸ್ಥಾನ. ಎಣಿಕೆ ಮುಗಿದಾಗ ಹನ್ನೊಂದು ಹೆಂಗಸರು, ಒಬ್ಬ ಗಂಡಸು! ನಾರ್ವೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಅಷ್ಟು ಹೊತ್ತಿಗೆ ಸಿಕ್ಕಿತ್ತು, ಆದರೆ ಕೌನ್ಸಿಲ್‌ಗಳಲ್ಲಿ ಅವರು ಕಾಣುತ್ತಲೇ ಇರಲಿಲ್ಲ. ಎಷ್ಟೋ ಕಡೆ ಒಬ್ಬರೂ ಇಲ್ಲ. ಅಂಥ ಕಾಲದಲ್ಲಿ ಕಡಲ ನಡುವಿನ ಒಂದು ಮೀನುಗಾರರ ದ್ವೀಪದಲ್ಲಿ ಹೀಗಾಯಿತು. ಹೊಸ ಕೌನ್ಸಿಲ್ ಓಸಾ ಹೆಲ್ಗೆಸೆನ್ ಅವರನ್ನು ಮೇಯರ್ ಮಾಡಿತು. ನಾರ್ವೆಯ ಮೊದಲ ಮಹಿಳಾ ಮೇಯರ್ ಇವರೇ. ರಾಜಧಾನಿ ಓಸ್ಲೋದಲ್ಲಾಗಲಿ, ದೊಡ್ಡ ಪಟ್ಟಣ ಬರ್ಗನ್‌ನಲ್ಲಾಗಲಿ ಇದು ಮೊದಲು ಆಗಲಿಲ್ಲ ಅನ್ನೋದನ್ನು ಗಮನಿಸಿ.

ಓಸಾ ಸೂಲಗಿತ್ತಿ. ಈ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಅಂಥ ಊರಲ್ಲಿ ಸೂಲಗಿತ್ತಿಗೆ ಗೊತ್ತಿಲ್ಲದ ಮನೆ ಇರುತ್ತಾ? ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಮನೆಯ ಒಲೆ ಹೊತ್ತಿಲ್ಲ, ಯಾರ ಗಂಡ ದೋಣಿ ತಗೊಂಡು ಹೋದವನು ಇನ್ನೂ ವಾಪಸ್ ಬಂದಿಲ್ಲ, ಇಂಥದ್ದೆಲ್ಲ ಅವಳಿಗೆ ಗೊತ್ತಿರುತ್ತದೆ. ಆ ಚುನಾವಣೆ ಶುರುವಾದದ್ದು ತಮಾಷೆಯಾಗಿ ಅಂತ ಹೇಳುವವರಿದ್ದಾರೆ, ಅಲ್ಲ, ಹಿಂದಿನ ಗಂಡಸರ ಮೇಲಿನ ಸಿಟ್ಟಿನಿಂದ ಅಂತ ಹೇಳುವವರೂ ಇದ್ದಾರೆ. ತಮಾಷೆಯೇ ಆಗಿದ್ದರೂ ಓಸಾ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. 1926ರಿಂದ 1928ರವರೆಗೆ ಪೂರ್ತಿ ಅವಧಿ ಮೇಯರ್ ಆಗಿ ಕೆಲಸ ಮಾಡಿದರು. ಗಂಡಸರು ತಮ್ಮ ಹೆಂಡತಿಯರಿಗೆ ವೋಟು ಹಾಕಿ ನಕ್ಕಿದ್ದರೆ ನಗಲಿ ಬಿಡಿ, ದಾಖಲೆಯಲ್ಲಿ ಉಳಿದದ್ದು ಓಸಾ ಹೆಸರು.

ಈಗ ಕೊಮ್ಯೂನೆ ಏನು ಮಾಡುತ್ತದೆ ಅನ್ನೋದಕ್ಕೆ ಬರೋಣ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಅಂದರೆ ಬೀದಿ ದೀಪ, ನೀರು, ನರೇಗಾ, ಮನೆ ಹಂಚಿಕೆ ನೆನಪಾಗುತ್ತದೆ. ಶಾಲೆ ಒಂದು ಇಲಾಖೆಗೆ, ಆಸ್ಪತ್ರೆ ಇನ್ನೊಂದು ಇಲಾಖೆಗೆ. ನಾರ್ವೆಯಲ್ಲಿ ಹಾಗಿಲ್ಲ. ಶಿಶುವಿಹಾರ, ಹತ್ತನೇ ತರಗತಿವರೆಗಿನ ಶಾಲೆ, ಊರಿನ ವೈದ್ಯರ ವ್ಯವಸ್ಥೆ, ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ, ನೀರು, ಚರಂಡಿ, ಬೆಂಕಿ ನಂದಿಸುವ ದಳ, ಭೂಬಳಕೆ ಯೋಜನೆ, ಎಲ್ಲ ಕೊಮ್ಯೂನೆಯ ಹೊಣೆ. ಏಳು ಲಕ್ಷ ಜನ ಇರೋ ಓಸ್ಲೋಗೆ ಏನು ಹೊಣೆಯೋ, ಇನ್ನೂರು ಜನರ ಉಟ್ಸಿರಾಕ್ಕೂ ಹೆಚ್ಚು ಕಡಿಮೆ ಅದೇ ಹೊಣೆ. ಊರು ಚಿಕ್ಕದು ಅಂತ ಕಾನೂನು ರಿಯಾಯಿತಿ ಕೊಡೋದಿಲ್ಲ. ಕೌನ್ಸಿಲ್‌ನಲ್ಲಿ ಕನಿಷ್ಠ ಹನ್ನೊಂದು ಜನ ಇರಲೇಬೇಕು ಅಂತಲೂ ನಿಯಮ. ಇನ್ನೂರರಲ್ಲಿ ಮಕ್ಕಳನ್ನು ಕಳೆಯಿರಿ, ತೀರಾ ವಯಸ್ಸಾದವರನ್ನು ಕಳೆಯಿರಿ. ಉಳಿದವರಲ್ಲಿ ಎಷ್ಟು ಮಂದಿ ಒಂದಲ್ಲ ಒಂದು ಕಾಲಕ್ಕೆ ಆ ಕುರ್ಚಿಯಲ್ಲಿ ಕೂತಿರಬೇಕು, ನೀವೇ ಲೆಕ್ಕ ಹಾಕಿ.

ಎಲ್ಲವನ್ನೂ ದ್ವೀಪದಲ್ಲೇ ಮಾಡೋಕೆ ಆಗುತ್ತಾ? ಖಂಡಿತ ಇಲ್ಲ. ಪರಿಣತರು ಬೇಕಾದ ಎಷ್ಟೋ ಸೇವೆಯನ್ನು ಒಪ್ಪಂದ ಮಾಡಿಕೊಂಡು ಆಚೆ ದಡದ ದೊಡ್ಡ ಕೊಮ್ಯೂನೆಗಳಿಂದ ಪಡೆಯುತ್ತಾರೆ. ದುಡ್ಡು ಬಹುಪಾಲು ಕೇಂದ್ರ ಸರ್ಕಾರದ್ದು. ಚಿಕ್ಕ ಕೊಮ್ಯೂನೆಗಳಿಗೆ ವಿಶೇಷ ಅನುದಾನ ಇದೆ, ಶ್ರೀಮಂತ ಕೊಮ್ಯೂನೆಗಳ ತೆರಿಗೆಯಲ್ಲಿ ಒಂದು ಪಾಲು ಬಡವರಿಗೆ ಹೋಗುವ ಏರ್ಪಾಡೂ ಇದೆ. ಊರಿನ ಒಂದೇ ಅಂಗಡಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳೋಕೆ ಮರ್ಕುರ್ ಅಂತ ಒಂದು ಸರ್ಕಾರಿ ಯೋಜನೆ ಇದೆ ಅಂದರೆ ನಂಬುತ್ತೀರಾ? ಇಂಥ ಮೂಲೆಯ ಊರಿನ ಅಂಗಡಿಯವರಿಗೆ ತರಬೇತಿ, ಫ್ರಿಜ್ ಬದಲಾಯಿಸೋಕೆ ಸಹಾಯಧನ, ಹೀಗೆ. ಅಂಗಡಿ ಮುಚ್ಚಿದರೆ ಊರು ಮುಚ್ಚಿದ ಹಾಗೆ ಅಂತ ಅವರಿಗೆ ಗೊತ್ತು.

ಇದೆಲ್ಲ ದುಂದು ಅಂತ ನಾರ್ವೆಯಲ್ಲೇ ಹೇಳುವವರಿದ್ದಾರೆ. ಕೆಲವು ವರ್ಷಗಳ ಹಿಂದೆ ಸರ್ಕಾರ ಕೊಮ್ಯೂನೆಗಳನ್ನು ಒಟ್ಟುಗೂಡಿಸಲು ಹೊರಟಿತು. 428 ಇದ್ದದ್ದು 2020ರ ಹೊತ್ತಿಗೆ 356ಕ್ಕೆ ಇಳಿಯಿತು. ಉಟ್ಸಿರಾ ಯಾರ ಜೊತೆಗೂ ಸೇರಲಿಲ್ಲ. ಲೆಕ್ಕ ನೋಡುವವರಿಗೆ ಇದು ಮೊಂಡುತನ. ನನಗೆ ಹಾಗನ್ನಿಸೋದಿಲ್ಲ. ಸೇರಿಕೊಂಡರೂ ಶಾಲೆ ಬೇಕು, ನರ್ಸ್ ಬೇಕು, ದೋಣಿ ಬೇಕು, ಕಡಲೇನೂ ಕಿರಿದಾಗೋದಿಲ್ಲ. ಉಳಿತಾಯ ಆಗೋದು ಆಫೀಸಿನ ಖರ್ಚು ಅಷ್ಟೆ. ಹೋಗೋದು ಏನು? ಆಚೆ ದಡದ ಸಾವಿರಾರು ಜನರ ಕೌನ್ಸಿಲ್‌ನಲ್ಲಿ ದ್ವೀಪದವರದ್ದು ಒಂದು ಸ್ಥಾನ ಸಿಕ್ಕರೆ ಹೆಚ್ಚು. ಮಕ್ಕಳು ಕಡಿಮೆಯಾದ ವರ್ಷ ಶಾಲೆ ಮುಚ್ಚೋಣವೇ ಅಂತ ಆ ಕೌನ್ಸಿಲ್‌ನಲ್ಲಿ ಚರ್ಚೆಗೆ ಬಂದರೆ ಏನಾಗುತ್ತದೆ? ಶಾಲೆ ಹೋದ ದ್ವೀಪಕ್ಕೆ ಚಿಕ್ಕ ಮಕ್ಕಳಿರೋ ಯಾರೂ ಬರೋದಿಲ್ಲ. ಇನ್ನು ಕೊಮ್ಯೂನೆಯೇ ದ್ವೀಪದ ಅತಿ ದೊಡ್ಡ ಉದ್ಯೋಗದಾತ. ಅದನ್ನು ಎತ್ತಿಕೊಂಡು ಹೋದರೆ ಶಿಕ್ಷಕರ, ಆರೈಕೆಯವರ, ಆಫೀಸಿನವರ ಸಂಬಳವೂ ಅದರ ಹಿಂದೆಯೇ ಹೊರಟುಹೋಗುತ್ತದೆ.

ಶಾಲೆ ಅಂದೆ. ಅಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೇ ಕೂತು ಕಲಿಯುತ್ತಾರೆ, ನಮ್ಮ ಹಳ್ಳಿ ಶಾಲೆ ಕಂಡವರಿಗೆ ಇದೇನು ಹೊಸದಲ್ಲ. ಆದರೆ ಹತ್ತನೇ ತರಗತಿ ಮುಗಿದ ಕೂಡಲೇ ಒಂದು ಕಷ್ಟ ಶುರು. ಮುಂದಿನ ಓದು ದ್ವೀಪದಲ್ಲಿಲ್ಲ. ದಿನಾ ದೋಣಿಯಲ್ಲಿ ಹೋಗಿ ಬರೋದು ಗಾಳಿಯ ದಯೆಗೆ ಬಿಟ್ಟ ವಿಷಯ. ಹಾಗಾಗಿ ಹದಿನಾರು ತುಂಬಿದ ಹುಡುಗ ಹುಡುಗಿಯರು ಹೌಗೆಸುಂಡ್ ಕಡೆ ಬಾಡಿಗೆ ರೂಮು ಹಿಡಿದು ಒಬ್ಬರೇ ಇರುತ್ತಾರೆ. ತಾವೇ ಅಡುಗೆ, ತಾವೇ ಬಟ್ಟೆ ಒಗೆತ. ಮನೆಯಿಂದ ದೂರ ಉಳಿದು ಓದುವವರಿಗೆ ಸರ್ಕಾರ ಪ್ರತ್ಯೇಕ ವಿದ್ಯಾರ್ಥಿವೇತನ ಕೊಡುತ್ತದೆ. ವಾರದ ಕೊನೆಗೆ ದೋಣಿ ಇದ್ದರೆ ಮನೆ, ಇಲ್ಲದಿದ್ದರೆ ರೂಮು. ದ್ವೀಪದ ಅಪ್ಪ ಅಮ್ಮಂದಿರಿಗೆ ಮಗುವನ್ನು ಹದಿನೈದು ಹದಿನಾರು ವರ್ಷದಲ್ಲೇ ಕಳಿಸಿಕೊಡಬೇಕು ಅನ್ನೋದು ಮಗು ಹುಟ್ಟಿದ ದಿನದಿಂದಲೂ ಗೊತ್ತಿರುತ್ತದೆ. ಹೋದವರಲ್ಲಿ ಎಷ್ಟು ಜನ ಓದು ಮುಗಿಸಿ ಸಂಸಾರ ಕಟ್ಟಿಕೊಂಡು ಮರಳುತ್ತಾರೆ ಅನ್ನೋದರ ಮೇಲೆ ದ್ವೀಪದ ಭವಿಷ್ಯ ನಿಂತಿದೆ.

ಮರಳಿ ಬಂದವರಿಗೆ ಕೆಲಸ? ಮೀನುಗಾರಿಕೆ ಮೊದಲಿನಷ್ಟಿಲ್ಲ. ಕುರಿ ಸಾಕಿ ಪೂರ್ತಿ ಬದುಕು ನಡೆಸೋದು ಕಷ್ಟ. ಇಂಥ ಕಡೆ ಒದಗಿಬಂದದ್ದು ಕಡಲ ತಳದಿಂದ ಕಚ್ಚಾ ಎಣ್ಣೆ ತೆಗೆಯೋ ಕೆಲಸ ಮತ್ತು ಹಡಗಿನ ಕೆಲಸ. ಅದಕ್ಕಾಗಿ ನಾರ್ವೆ ಕಡಲ ಮೇಲೆ ನಿಲ್ಲಿಸಿದ ಎಣ್ಣೆ ವೇದಿಕೆಗಳಲ್ಲಿ ಸಾಮಾನ್ಯವಾಗಿ ಎರಡು ವಾರ ದುಡಿದರೆ ನಾಲ್ಕು ವಾರ ಬಿಡುವು. ವರ್ಷಕ್ಕೆ ಕೆಲವೇ ಸಲ ಹೋಗಿ ಬರೋ ಕೆಲಸ ಅಂದಮೇಲೆ ಮನೆ ಎಲ್ಲಿದ್ದರೇನು?

ಎಣ್ಣೆ ಅಂದಾಗ ಒಂದು ವಿಚಿತ್ರ ನೆನಪಾಗುತ್ತದೆ. ಈ ದ್ವೀಪದ ಹೆಸರು ದ್ವೀಪಕ್ಕಿಂತ ಬಹಳ ದೊಡ್ಡದು. ಬ್ರಿಟನ್‌ನಲ್ಲಿ ಬಿಬಿಸಿ ರೇಡಿಯೋ ನಾವಿಕರಿಗಾಗಿ ಓದುವ ಹವಾಮಾನ ವರದಿಯಲ್ಲಿ 1984ರಿಂದ ಉತ್ತರ ಉಟ್ಸಿರಾ, ದಕ್ಷಿಣ ಉಟ್ಸಿರಾ ಅಂತ ಎರಡು ಕಡಲ ಪ್ರದೇಶಗಳಿವೆ. ಆ ವರದಿ ಕೇಳುವ ಲಕ್ಷಾಂತರ ಜನರಲ್ಲಿ ದ್ವೀಪ ಎಲ್ಲಿದೆ ಅಂತ ಗೊತ್ತಿರೋರು ಎಷ್ಟು ಮಂದಿಯೋ. ಉತ್ತರ ಸಮುದ್ರದ ತಳದ ಕೆಳಗೆ ಉಟ್ಸಿರಾ ಹೆಸರಿನ ಒಂದು ಮರಳುಗಲ್ಲಿನ ಪದರ ಇದೆ. ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ ಅನಿಲದ ಜೊತೆ ಬರೋ ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸಿ 1996ರಿಂದ ಆ ಪದರಕ್ಕೇ ಇಳಿಸುತ್ತಿದ್ದಾರೆ. ಪ್ರಪಂಚದಲ್ಲಿ ಈ ಪ್ರಮಾಣದಲ್ಲಿ, ಹವೆಗೆ ಬಿಡಬಾರದು ಅಂತಲೇ, ಇಂಗಾಲವನ್ನು ಕಡಲ ತಳದ ಕೆಳಗೆ ಹೂತಿಟ್ಟ ಮೊದಲ ಜಾಗ ಅದು. 2019ರಲ್ಲಿ ಉತ್ಪಾದನೆ ಶುರು ಮಾಡಿದ ಯೋಹಾನ್ ಸ್ವೆರ್‌ದ್ರುಪ್ ಎಂಬ ದೈತ್ಯ ಎಣ್ಣೆ ಕ್ಷೇತ್ರ ಇರೋದು ಉಟ್ಸಿರಾ ಹೈ ಅನ್ನೋ ಭೂರಚನೆಯ ಮೇಲೆ. ಇಷ್ಟೆಲ್ಲ ಸಂಪತ್ತಿಗೆ ಹೆಸರು ಕೊಟ್ಟ ದ್ವೀಪಕ್ಕೆ ಅದರಿಂದ ನೇರವಾಗಿ ಬರೋದು ಏನು? ಹೆಸರಷ್ಟೆ. ಹಣ ದೇಶದ ಖಜಾನೆಗೆ ಹೋಗುತ್ತದೆ. ಅಲ್ಲಿಂದ ಅನುದಾನವಾಗಿ ಸುತ್ತಿಬಳಸಿ ಶಾಲೆಗೂ ದೋಣಿಗೂ ಬರುತ್ತದೆ ಅನ್ನೋದು ನಿಜ. ಹಾಗಾಗಿ ಅನುದಾನವನ್ನು ಭಿಕ್ಷೆ ಅಂತ ಕರೆಯೋದು ನನಗೆ ಸರಿ ಕಾಣೋದಿಲ್ಲ.

ಗಾಳಿಯದ್ದೂ ಇಂಥದ್ದೇ ಕಥೆ. 2004ರಲ್ಲಿ ನಾರ್ವೆಯ ಹೈಡ್ರೋ ಕಂಪನಿ ಗಾಳಿಯಂತ್ರ ಮಾಡುವ ಜರ್ಮನಿಯ ಎನರ್ಕಾನ್ ಜೊತೆ ಸೇರಿ ದ್ವೀಪದಲ್ಲಿ ಒಂದು ಪ್ರಯೋಗ ಮಾಡಿತು. 600 ಕಿಲೋವ್ಯಾಟ್‌ನ ಎರಡು ಗಾಳಿಯಂತ್ರ. ಗಾಳಿ ಜಾಸ್ತಿ ಇದ್ದಾಗ ಮಿಕ್ಕ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡೋದು, ಒತ್ತಿ ಟ್ಯಾಂಕಿನಲ್ಲಿ ತುಂಬಿಡೋದು, ಗಾಳಿ ನಿಂತಾಗ ಆ ಹೈಡ್ರೋಜನ್‌ನಿಂದ ಇಂಜಿನ್ ಓಡಿಸಿ ಕರೆಂಟ್ ಮಾಡೋದು. ಹತ್ತು ಮನೆಗೆ ಹೀಗೆ ಕರೆಂಟ್ ಕೊಟ್ಟರು. ಗಾಳಿಯೇ ಇಲ್ಲದೆ ಎರಡು ಮೂರು ದಿನ ತಳ್ಳಬಹುದಿತ್ತು. ಕೆಲಸ ಮಾಡಿತು, ಆದರೆ ದುಬಾರಿ. ಕರೆಂಟನ್ನು ಹೈಡ್ರೋಜನ್ ಮಾಡುವಾಗ ಒಂದಿಷ್ಟು ನಷ್ಟ, ವಾಪಸ್ ಕರೆಂಟ್ ಮಾಡುವಾಗ ಇನ್ನೂ ಜಾಸ್ತಿ ನಷ್ಟ. ಮುಖ್ಯಭೂಮಿಯಿಂದ ಕಡಲ ತಳದಲ್ಲಿ ಕೇಬಲ್ ಇದ್ದೇ ಇತ್ತು, ಆದ್ದರಿಂದ ಪ್ರಯೋಗ ಕೆಲವು ವರ್ಷಕ್ಕೆ ಮುಗಿಯಿತು. ಆದರೂ ಇವತ್ತು ಎಲ್ಲರ ಬಾಯಲ್ಲೂ ಹೈಡ್ರೋಜನ್ ಮಾತು ಇದೆಯಲ್ಲ, ಅದನ್ನು ಹತ್ತು ಮನೆಯವರು ಇಪ್ಪತ್ತು ವರ್ಷದ ಹಿಂದೆಯೇ ಟೀ ಕಾಯಿಸಿಕೊಂಡು ನೋಡಿಬಿಟ್ಟಿದ್ದರು. ಅಲ್ಲಿ ಅದು ಕಾಫಿ ಇರಬೇಕು, ಬಿಡಿ.

ಈಗ ಅದಕ್ಕಿಂತ ಬಹಳ ದೊಡ್ಡ ಯೋಜನೆ ಹತ್ತಿರ ಬಂದಿದೆ. ದ್ವೀಪದ ಪಶ್ಚಿಮಕ್ಕಿರುವ ಉಟ್ಸಿರಾ ನೂರ್ ಅನ್ನೋ ಸುಮಾರು 1,000 ಚದರ ಕಿಲೋಮೀಟರ್ ಕಡಲನ್ನು ಗಾಳಿ ವಿದ್ಯುತ್ತಿಗೆ ಅಂತ 2020ರಲ್ಲಿ ಸರ್ಕಾರ ತೆರೆಯಿತು. ಅಲ್ಲಿ ಸರಾಸರಿ ಆಳ 267 ಮೀಟರ್. ಅಷ್ಟು ಆಳದಲ್ಲಿ ಕಂಬ ಊರೋಕೆ ಆಗೋದಿಲ್ಲ, ಆದ್ದರಿಂದ ತೇಲೋ ಗಾಳಿಯಂತ್ರಗಳು, ಸರಪಳಿಯಿಂದ ತಳಕ್ಕೆ ಕಟ್ಟಿದವು. ಕೆಲಸ ಬರುತ್ತದೆ ಅನ್ನೋ ಆಸೆ ಒಂದು ಕಡೆ, ಮೀನುಗಾರರ ಮತ್ತು ಹಕ್ಕಿಗಳ ಚಿಂತೆ ಇನ್ನೊಂದು ಕಡೆ. ಇಂಥ ಯೋಜನೆಯ ಮಾತುಕತೆಯಲ್ಲಿ ದ್ವೀಪದ ಪರವಾಗಿ ಮೇಯರ್ ಒಬ್ಬರು ಹೋಗಿ ಕೂರೋದಕ್ಕೂ, ಆಚೆ ದಡದ ಯಾರೋ ಇವರ ಪರವಾಗಿ ಮಾತಾಡೋದಕ್ಕೂ ವ್ಯತ್ಯಾಸ ಇಲ್ವಾ?

ಹಕ್ಕಿ ಅಂದೆನಲ್ಲ. ಈ ಚೂರು ದ್ವೀಪದಲ್ಲಿ ಇಲ್ಲಿಯವರೆಗೆ 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಅಲ್ಲಿ ಗೂಡು ಕಟ್ಟುವವು ಸ್ವಲ್ಪವೇ. ಉಳಿದವು ದಾರಿಹೋಕ ಹಕ್ಕಿಗಳು. ಶರತ್ಕಾಲದಲ್ಲಿ ವಲಸೆ ಹೊರಟ ಹಕ್ಕಿ ಗಾಳಿಗೆ ಸಿಕ್ಕಿ ಕಡಲ ಮೇಲೆ ಬಂದರೆ, ಕೆಳಗೆ ಕಾಣೋ ಮೊದಲ ನೆಲ ಇದು. ಸೈಬೀರಿಯಾದ ಕಾಡಲ್ಲಿ ಮರಿ ಮಾಡುವ ಯೆಲ್ಲೋ ಬ್ರೌಡ್ ವಾರ್ಬ್ಲರ್ ಎಂಬ ಹೆಬ್ಬೆರಳಷ್ಟು ಹಕ್ಕಿ ಚಳಿಗಾಲಕ್ಕೆ ಸಾಮಾನ್ಯವಾಗಿ ಹೋಗಬೇಕಾದ್ದು ಆಗ್ನೇಯ ಏಷ್ಯಾಕ್ಕೆ. ಅದು ಪಶ್ಚಿಮಕ್ಕೆ ತಿರುಗಿ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಇಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಹಿಂದೆಯೇ ಬೈನಾಕ್ಯುಲರ್ ಹಿಡಿದ ಜನ ಬರುತ್ತಾರೆ. ಮರ ಕಡಿಮೆ ಇರೋದು ಇವರಿಗೆ ಅನುಕೂಲ. ಯಾರದೋ ಹಿತ್ತಲಲ್ಲಿ ಒಂದೇ ಒಂದು ಗಿಡ ಇದ್ದರೆ, ಹಕ್ಕಿ ಕೂರೋದು ಅಲ್ಲೇ.

ದೀಪಸ್ತಂಭದ ಬಗ್ಗೆ ಹೇಳದಿದ್ದರೆ ಉಟ್ಸಿರಾದವರು ಕ್ಷಮಿಸೋದಿಲ್ಲ. 1844ರಲ್ಲಿ ಕಟ್ಟಿದ್ದು, ಒಂದಲ್ಲ, ಜೋಡಿ ಗೋಪುರ. ಆಗಿನ ದೀಪ ಸುಮ್ನೆ ಉರಿಯುತ್ತಿತ್ತು, ಮಿನುಗುತ್ತಿರಲಿಲ್ಲ. ರಾತ್ರಿ ಕಡಲಲ್ಲಿರೋ ನಾವಿಕನಿಗೆ ಇದು ಯಾವ ಊರಿನ ದೀಪ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಅಕ್ಕಪಕ್ಕ ಎರಡು ದೀಪ ಕಂಡರೆ ಉಟ್ಸಿರಾ ಅಂತ ಲೆಕ್ಕ. 1890ರಲ್ಲಿ ಮಿನುಗುವ ದೀಪ ಬಂತು. ಮಿನುಗೋ ರೀತಿಯೇ ಗುರುತಾದಮೇಲೆ ಎರಡನೆಯದರ ಕೆಲಸ ಮುಗಿಯಿತು. ಅದನ್ನು ಆರಿಸಿದರು, ಕೆಡವಲಿಲ್ಲ. ಉರಿಯುವ ದೀಪ ಸಮುದ್ರ ಮಟ್ಟದಿಂದ 78 ಮೀಟರ್ ಎತ್ತರದಲ್ಲಿದೆ, ನಾರ್ವೆಯಲ್ಲೇ ಅತಿ ಎತ್ತರದಲ್ಲಿರೋದು.

ಕೊನೆಗೆ ಒಂದು ಪ್ರಶ್ನೆ ಬಂತು: ಹೋಗಿ ನೋಡಬಹುದಾ ಸಾರ್? ಧಾರಾಳವಾಗಿ. ಹೌಗೆಸುಂಡ್‌ವರೆಗೆ ಹೋಗಿ, ಅಲ್ಲಿಂದ ದೋಣಿ. ಹಕ್ಕಿ ನೋಡೋರಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಸುಮ್ನೆ ನಡೆದಾಡೋರಾದರೆ ಜೂನ್, ಜುಲೈ. ಕೊಟ್ಟಿಗೆ ಗೋಡೆ, ಬಂಡೆಗಳ ಮೇಲೆ ಹೊರಗಿನ ಕಲಾವಿದರು ಬಂದು ಬಿಡಿಸಿದ ದೊಡ್ಡ ದೊಡ್ಡ ಚಿತ್ರಗಳಿವೆ, ಹುಡುಕಿಕೊಂಡು ಹೋಗೋಕೆ ಮಜಾ ಇರುತ್ತದೆ. ಉಳಿಯೋಕೆ ಜಾಗ ಕಡಿಮೆ, ಮೊದಲೇ ಕೇಳಿಕೊಳ್ಳಿ. ಹೊಟ್ಟೆ ತೊಳಸೋರು ದೋಣಿಗೆ ಮುಂಚೆ ಮಾತ್ರೆ ತಗೊಳ್ಳಿ. ವಾಪಸ್ ವಿಮಾನದ ಟಿಕೆಟ್ ಮಾತ್ರ ದ್ವೀಪದಿಂದ ಹೊರಡೋ ದಿನಕ್ಕೇ ಮಾಡಿಸಬೇಡಿ, ನಡುವೆ ಒಂದು ದಿನ ಬಿಡಿ.